ಊರು ಸುತ್ತಿದ ದೂರವನ್ನೂ ಲೆಕ್ಕಕ್ಕೆ ಹಿಡಿಯಿರಿ

ಎರಡು ವರ್ಷದ ಕೆಲಸಕ್ಕೆ ವಿಯೆನ್ನಾಗೆ ಬಂದಿದ್ದೀರಿ. ವಾರಾಂತ್ಯಕ್ಕೊಂದು ಊರು, ನಡುವೆ ಒಪೆರಾ, ಮ್ಯೂಸಿಯಂ, ಏಪ್ರಿಲ್‌ನಲ್ಲಿ ಮ್ಯಾರಥಾನ್, ಇಷ್ಟನ್ನೂ ಹೊಂದಿಸುವ ವೇಳಾಪಟ್ಟಿ ಬೇಕು ಎಂದು ಕೇಳಿದ್ದೀರಿ. ಆ ವೇಳಾಪಟ್ಟಿ ನನ್ನ ಬಳಿ ಇತ್ತು. ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ಎಡಕ್ಕೆ ಊರುಗಳನ್ನೂ ಬಲಕ್ಕೆ ಓಡಬೇಕಾದ ಕಿಲೋಮೀಟರನ್ನೂ ಬರೆದಿದ್ದೆ. ಹದಿನಾಲ್ಕು ವಾರ ಅದನ್ನು ತಪ್ಪದೆ ಪಾಲಿಸಿದೆ. ಹದಿನೈದನೆಯ ವಾರ ಬಲಗಾಲಿಗೆ ಮೊಣಕಾಲಿನ ತನಕ ಗಟ್ಟಿ ಬೂಟು ತೊಟ್ಟು, ಎರಡು ಊರುಗೋಲು ಹಿಡಿದು ಟ್ರಾಮ್ ಹತ್ತಿದೆ.

ನನ್ನೂರು ಶಿವಮೊಗ್ಗ. ಸೆಪ್ಟೆಂಬರಿನಲ್ಲಿ ಇಲ್ಲಿಗೆ ಬಂದಾಗ ಒಂಟಿತನಕ್ಕಿಂತ ಹೆಚ್ಚಾಗಿ ಕಾಡಿದ್ದು, ಇರುವ ದಿನಗಳು ಮುಗಿದುಹೋಗುತ್ತವೆ ಎಂಬ ಭಯ. ಎರಡು ವರ್ಷ ಎಂದರೆ ನೂರನಾಲ್ಕು ವಾರಾಂತ್ಯ. ಅದರಲ್ಲಿ ಒಂದು ಬಟ್ಟೆ ಒಗೆಯುವುದರಲ್ಲೇ ಕಳೆದರೂ ಏನನ್ನೋ ಕಳೆದುಕೊಂಡ ಹಾಗೆ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಮನೆಯಿಂದ ಫೋನು ಬಂದಾಗಲೆಲ್ಲ "ಪ್ಯಾರಿಸ್ ನೋಡಿದೆಯಾ, ಸ್ವಿಟ್ಜರ್‌ಲೆಂಡಿಗೆ ಯಾವಾಗ?" ಎಂಬ ಪ್ರಶ್ನೆ ಬೇರೆ. ವಿಯೆನ್ನಾ ಇರುವ ಜಾಗವೂ ಆಸೆ ಹುಟ್ಟಿಸುವಂಥದ್ದು. ಬ್ರಾಟಿಸ್ಲಾವಾಗೆ ರೈಲಿನಲ್ಲಿ ಒಂದು ಗಂಟೆ, ಬುಡಾಪೆಸ್ಟ್‌ಗೆ ಮೂರು ಗಂಟೆಯೊಳಗೆ, ಪ್ರಾಗ್‌ಗೆ ನಾಲ್ಕು. ನಾವು ಶಿವಮೊಗ್ಗದಿಂದ ಬೆಂಗಳೂರು ಮುಟ್ಟುವಷ್ಟು ಹೊತ್ತಿಗೆ ಇಲ್ಲಿ ದೇಶ, ಭಾಷೆ, ಹಣ ಎಲ್ಲವೂ ಬದಲಾಗಿರುತ್ತವೆ. ಶುಕ್ರವಾರ ಕಚೇರಿಗೆ ಹೋಗುವಾಗಲೇ ಬೆನ್ನಚೀಲ ಸಿದ್ಧವಾಗಿರುತ್ತಿತ್ತು.

ಓಟ ಹಿಡಿದದ್ದು ಪ್ರಾಟರ್‌ನಲ್ಲಿ. ಚಕ್ರವರ್ತಿ ಎರಡನೆಯ ಜೋಸೆಫ್ ಅರಮನೆಯ ಬೇಟೆಗಾಡನ್ನು 1766ರಲ್ಲಿ ಜನರಿಗೆ ಬಿಟ್ಟುಕೊಟ್ಟ. ಅದೇ ಇಂದಿನ ಪ್ರಾಟರ್. ಅದರ ನಡುವೆ ಹಾದುಹೋಗುವ ಹೌಪ್ಟ್‌ಅಲೇ ಎಂಬ ದಾರಿ ನಾಲ್ಕು ಕಿಲೋಮೀಟರಿಗೂ ಹೆಚ್ಚು ಉದ್ದ, ದಾರದ ಹಾಗೆ ನೇರ. ಎರಡೂ ಬದಿಗೆ ಚೆಸ್ಟ್‌ನಟ್ ಮರಗಳ ಸಾಲು, ಕಾರುಗಳ ಕಾಟವಿಲ್ಲ. 2019ರ ಅಕ್ಟೋಬರ್ 12ರಂದು ಕೀನ್ಯಾದ ಓಟಗಾರ ಎಲಿಯುಡ್ ಕಿಪ್‌ಚೋಗೆ ಮ್ಯಾರಥಾನ್ ದೂರವನ್ನು 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದ್ದು ಇದೇ ದಾರಿಯಲ್ಲಿ. ವೇಗ ಕಾಯ್ದುಕೊಡುವ ಓಟಗಾರರು ಸರದಿಯ ಮೇಲೆ ಜೊತೆಗಿದ್ದುದರಿಂದ ಅದು ಅಧಿಕೃತ ದಾಖಲೆಯಾಗಲಿಲ್ಲ. ಆದರೆ ಆ ಡಾಂಬರಿನ ಮೇಲೆ ಕಾಲಿಟ್ಟವರಿಗೆ ಅದರಿಂದ ಏನೂ ಕಡಿಮೆಯಾಗುವುದಿಲ್ಲ. ಒಂದು ಮುಂಜಾನೆ ಅಲ್ಲಿ ಓಡಿದ ಮೇಲೆ, 1984ರಿಂದ ನಡೆಯುತ್ತಿರುವ ವಿಯೆನ್ನಾ ಮ್ಯಾರಥಾನ್‌ಗೆ ಹೆಸರು ನೋಂದಾಯಿಸದೆ ಇರಲು ನನ್ನಿಂದ ಆಗಲಿಲ್ಲ.

ಇನ್ನು ನನ್ನ ತಪ್ಪಿನ ವಿಷಯ. ಇದನ್ನು ನಿಧಾನವಾಗಿ ಓದಿ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ತಪ್ಪು ಕೂತಿದೆ.

ಡಿಸೆಂಬರಿನಿಂದ ವಾರಕ್ಕೆ ನಾಲ್ಕು ಓಟ: ಮಂಗಳವಾರ, ಬುಧವಾರ, ಶುಕ್ರವಾರ, ಮತ್ತೆ ಭಾನುವಾರ ದೂರದ ಓಟ. ಸೋಮವಾರ, ಗುರುವಾರ, ಶನಿವಾರದ ಎದುರು "ವಿಶ್ರಾಂತಿ" ಎಂದು ಬರೆದಿದ್ದೆ. ಆ ಮೂರು ದಿನ ನಾನು ಏನು ಮಾಡುತ್ತಿದ್ದೆ ನೋಡಿ. ಸೋಮವಾರವೋ ಗುರುವಾರವೋ ಸಂಜೆ ಸ್ಟಾಟ್ಸ್‌ಓಪರ್ ಎಂಬ ಇಲ್ಲಿನ ಒಪೆರಾ ಮಂದಿರದಲ್ಲಿ ನಿಂತು ನೋಡುವ ಟಿಕೆಟ್. ಅಲ್ಲಿ ನಿಲ್ಲುವ ಜಾಗದ ಮುಂದೆ ಅಡ್ಡಪಟ್ಟಿ ಇರುತ್ತದೆ. ಬೇಗ ಹೋಗಿ ಅದಕ್ಕೆ ಕೊರಳವಸ್ತ್ರ ಕಟ್ಟಿದರೆ ಆ ಜಾಗ ನಿಮ್ಮದು. ಹೊರಗೆ ಹೋಗಿ ಕಾಫಿ ಕುಡಿದು ಬಂದರೂ ಯಾರೂ ಮುಟ್ಟುವುದಿಲ್ಲ. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿಯುವುದು ನೆನಪಾಗಿ ಮೊದಲ ದಿನವೇ ಆ ಜಾಗ ನನ್ನದಾಗಿಬಿಟ್ಟಿತು. ಆದರೆ ಒಪೆರಾ ಎಂದರೆ ಮೂರು ಗಂಟೆ, ಕೆಲವೊಮ್ಮೆ ನಾಲ್ಕು ಗಂಟೆ ಎರಡೇ ಕಾಲಿನ ಮೇಲೆ. ಅದು ನನ್ನ ವಿಶ್ರಾಂತಿಯ ದಿನ.

ಶನಿವಾರವಂತೂ ಕೇಳಲೇಬೇಡಿ. ಬೆಳಗಿನ ಮೊದಲ ರೈಲಿಗೆ ಹೊರಟು, ಒಂದು ಊರನ್ನು ಕತ್ತಲಾಗುವವರೆಗೆ ನಡೆದು ಮುಗಿಸಿ, ಮಧ್ಯರಾತ್ರಿಯ ಹೊತ್ತಿಗೆ ಮನೆ. ವೆನಿಸ್‌ಗಾದರೆ ಶುಕ್ರವಾರದ ರಾತ್ರಿ ರೈಲಿನಲ್ಲಿ ಕುಳಿತೇ ಹೋಗಿ, ಶನಿವಾರದ ರಾತ್ರಿ ರೈಲಿನಲ್ಲಿ ಕುಳಿತೇ ಹಿಂದಿರುಗಿದ್ದೆ. ಭಾನುವಾರ ಬೆಳಿಗ್ಗೆ ನಿಲ್ದಾಣದಿಂದ ಮನೆಗೆ ಹೋಗಿ ಬಟ್ಟೆ ಬದಲಿಸಿ ನೇರ ಪ್ರಾಟರ್‌ಗೆ. ಕಾಲು ನೋಯಿಸಿಕೊಂಡ ಮೇಲೆ ಮೊಬೈಲಿನಲ್ಲಿ ಹಳೆಯ ಹೆಜ್ಜೆಗಳ ಲೆಕ್ಕ ತೆಗೆದು ನೋಡಿದೆ. ಪ್ರಾಗ್‌ನ ಶನಿವಾರ 34 ಸಾವಿರ ಹೆಜ್ಜೆ, ಎಂದರೆ ಹೆಚ್ಚುಕಡಿಮೆ 24 ಕಿಲೋಮೀಟರು. ಅದೂ ಕಲ್ಲುಹಾಸಿನ ಮೇಲೆ. ಇನ್ನೂ ಒಂದು ಮಾತು: ದುಬಾರಿ ಓಟದ ಬೂಟು ಸವೆಯಬಾರದೆಂದು ಊರು ಸುತ್ತಲು ತೆಳು ಅಟ್ಟೆಯ ಚರ್ಮದ ಬೂಟು ಹಾಕುತ್ತಿದ್ದೆ. ಓಡಿದ ದೂರವನ್ನು ನೂರು ಮೀಟರಿನವರೆಗೂ ಬರೆದಿಟ್ಟ ನಾನು ನಡೆದ ದೂರವನ್ನು ಒಂದು ದಿನವೂ ಬರೆಯಲಿಲ್ಲ. ವಾರಕ್ಕೆ 48 ಕಿಲೋಮೀಟರ್ ಓಡುತ್ತಿದ್ದೇನೆ ಎಂದು ನಾನು ನಂಬಿದ್ದೆ. ನನ್ನ ಪಾದ 80 ದಾಟಿದ ಭಾರ ಹೊರುತ್ತಿತ್ತು.

ಮೂಳೆಗೆ ಭಾರ ಬಿದ್ದರೆ ಅದು ಗಟ್ಟಿಯಾಗುತ್ತದೆ ಎಂಬುದು ನಿಜ. ಆದರೆ ಗಟ್ಟಿಯಾಗುವ ಮೊದಲು ಹಳೆಯ ಭಾಗವನ್ನು ತಾನೇ ಕರಗಿಸಿಕೊಳ್ಳುತ್ತದೆ. ಬಿರುಕು ಬಿಟ್ಟ ಗೋಡೆಗೆ ಹೊಸ ಗಾರೆ ಹಾಕುವ ಮುಂಚೆ ಹಳೆಯದನ್ನು ಕೆರೆದು ತೆಗೆಯುವ ಹಾಗೆ. ಆ ಕೆಲವು ವಾರ ಅದು ಮೊದಲಿಗಿಂತ ದುರ್ಬಲ. ಆಗ ಬಿಡುವು ಕೊಡದೆ ಮತ್ತೆ ಮತ್ತೆ ಬಡಿದರೆ ಕೆರೆದ ಜಾಗದಲ್ಲೇ ಸೀಳು ಬೀಳುತ್ತದೆ. ಪ್ರಶ್ಯದ ಸೈನಿಕರಲ್ಲಿ ದೂರದ ನಡಿಗೆಯಿಂದ ಪಾದ ಬಾತುಕೊಳ್ಳುವುದನ್ನು ವೈದ್ಯರೊಬ್ಬರು ದಾಖಲಿಸಿದ್ದು 1855ರಲ್ಲಿ, ಎಕ್ಸ್‌ರೇ ಬರುವುದಕ್ಕೂ ನಲವತ್ತು ವರ್ಷ ಮೊದಲು. ನೋಡಿ, ಅವರು ಓಡಿದವರಲ್ಲ, ನಡೆದವರು.

ಪ್ರಾಗ್‌ನಿಂದ ಬಂದ ಮರುದಿನ 26 ಕಿಲೋಮೀಟರ್ ಓಡಬೇಕಿತ್ತು. ಹತ್ತೊಂಬತ್ತನೆಯ ಕಿಲೋಮೀಟರಿನಲ್ಲಿ, ದಾರಿಯ ಕೊನೆಗಿರುವ ಲುಸ್ಟ್‌ಹೌಸ್ ಎಂಬ ದುಂಡು ಕಟ್ಟಡವನ್ನು ಸುತ್ತುವಾಗ ಬಲಪಾದದ ಮೇಲ್ಭಾಗದಲ್ಲಿ ಒಂದು ಬೆರಳಿನಷ್ಟು ಜಾಗ ಕಾದ ಕಬ್ಬಿಣ ಮುಟ್ಟಿಸಿದಂತೆ ಉರಿಯಿತು. ನಿಲ್ಲಬೇಕಿತ್ತು. ಉಳಿದ ಏಳನ್ನೂ ಮುಗಿಸಿದೆ, ಏಕೆಂದರೆ ಪುಸ್ತಕದಲ್ಲಿ 26 ಎಂದಿತ್ತು. ಆಮೇಲೆ ಒಂಬತ್ತು ದಿನ ನೋವಿನ ಮಾತ್ರೆ ನುಂಗಿ ಓಡಿದೆ. ತಪ್ಪಿನ ತೂಕ ಹೆಚ್ಚಿದ್ದು ಆ ಒಂಬತ್ತು ದಿನದಲ್ಲಿ. ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಇಂಥ ಸೀಳು ಶುರುವಿನಲ್ಲಿ ಅದರಲ್ಲಿ ಕಾಣಿಸಿಕೊಳ್ಳುವುದು ಅಪರೂಪ. ಎಂಆರ್‌ಐಯಲ್ಲಿ ಎರಡನೆಯ ಬೆರಳಿನ ಹಿಂದಿನ ಉದ್ದ ಮೂಳೆ ಸೀಳಿದ್ದು ಸ್ಪಷ್ಟವಾಯಿತು. ರಕ್ತ ಪರೀಕ್ಷೆಯಲ್ಲಿ ವಿಟಮಿನ್ ಡಿ ತೀರಾ ಕಡಿಮೆ. ಚಳಿಗಾಲದ ತಿಂಗಳುಗಳಲ್ಲಿ ಇಲ್ಲಿನ ಬಿಸಿಲು ಅದನ್ನು ಚರ್ಮದಲ್ಲಿ ಹುಟ್ಟಿಸುವಷ್ಟು ನೇರವಾಗಿ ಬೀಳುವುದೇ ಇಲ್ಲ, ನಮ್ಮ ಮೈಬಣ್ಣಕ್ಕೆ ಬಿಸಿಲು ಇನ್ನೂ ಹೆಚ್ಚು ಬೇಕು. ಶುಕ್ರವಾರ ಆ ಗಟ್ಟಿ ಬೂಟು ಹಾಕಿದರು. ಆರು ವಾರ.

ಏಪ್ರಿಲ್‌ನ ಆ ಭಾನುವಾರ ಮ್ಯಾರಥಾನ್ ಪ್ರಾಟರ್ ಹಾದು ಹೋಗುವಾಗ ನಾನು ದಾರಿಬದಿಯಲ್ಲಿ ಊರುಗೋಲಿಗೆ ಒರಗಿ ನಿಂತಿದ್ದೆ. ಚೆಸ್ಟ್‌ನಟ್ ಮರಗಳು ಚಿಗುರಿದ್ದವು. ಅಷ್ಟು ಜನರ ಕಾಲ್ಸಪ್ಪಳ ಒಟ್ಟಿಗೇ ಕೇಳಿದಾಗ ಅಳು ತಡೆಯಲಾಗಲಿಲ್ಲ.

ಆದರೆ ಆ ಆರು ವಾರಕ್ಕೆ ಇನ್ನೊಂದು ಮುಖವಿದೆ. ಎಲ್ಲಿಗೂ ಹೋಗಲಾಗದ ನನಗೆ ನೆನಪಾದದ್ದು ಅಕ್ಟೋಬರಿನಲ್ಲಿ ಕೊಂಡು ಒಂದೇ ಸಲ ಬಳಸಿದ್ದ ಕುನ್ಸ್ಟ್‌ಹಿಸ್ಟೋರಿಷಸ್ ಎಂಬ ಕಲಾ ಮ್ಯೂಸಿಯಂನ ವಾರ್ಷಿಕ ಕಾರ್ಡು. ಗುರುವಾರ ಅದು ರಾತ್ರಿ ಒಂಬತ್ತರವರೆಗೆ ತೆರೆದಿರುತ್ತದೆ. ಕಚೇರಿ ಮುಗಿಸಿ ಹೋಗಿ ಹದಿನಾರನೆಯ ಶತಮಾನದ ಚಿತ್ರಕಾರ ಬ್ರೂಗಲ್‌ನ ಕೋಣೆಯ ಬೆಂಚಿನಲ್ಲಿ ಕೂತೆ. ಜಗತ್ತಿನಲ್ಲಿ ಹಿರಿಯ ಪೀಟರ್ ಬ್ರೂಗಲ್‌ನ ಚಿತ್ರಗಳು ಒಂದೇ ಕಡೆ ಅತಿ ಹೆಚ್ಚು ಇರುವುದು ಅಲ್ಲೇ. ನನ್ನ ಎದುರಿಗಿದ್ದದ್ದು 1565ರ "ಹಿಮದ ಬೇಟೆಗಾರರು" ಎಂಬ ಚಿತ್ರ. ಶರತ್ಕಾಲದಲ್ಲಿ ನಾನು ಇದರ ಮುಂದೆ ನಿಂತು ಫೋಟೋ ತೆಗೆದು ಹೋಗಿದ್ದೆ. ಈಗ ಒಂದು ಗಂಟೆ ಕೂತಾಗ ಕಾಣತೊಡಗಿತು: ಮೂವರು ಬೇಟೆಗಾರರು ನಮಗೆ ಬೆನ್ನು ಹಾಕಿ ಊರಿಗೆ ಮರಳುತ್ತಿದ್ದಾರೆ, ಅವರಿಗೆ ಸಿಕ್ಕಿದ್ದು ಒಂದೇ ಒಂದು ನರಿ. ನಾಯಿಗಳ ತಲೆ ತಗ್ಗಿದೆ. ಛತ್ರದ ಬೋರ್ಡು ಒಂದೇ ಕೊಂಡಿಯಲ್ಲಿ ನೇತಾಡುತ್ತಿದೆ. ಕೆಳಗೆ ಹೆಪ್ಪುಗಟ್ಟಿದ ಕೆರೆಯ ಮೇಲೆ ಮಕ್ಕಳು ಜಾರುತ್ತಿದ್ದಾರೆ, ಸೇತುವೆಯ ಮೇಲೆ ಒಬ್ಬಳು ಸೌದೆ ಹೊತ್ತು ಸಾಗುತ್ತಿದ್ದಾಳೆ. ಮುಂದಿನ ಗುರುವಾರ ದೂರದಲ್ಲಿ ಒಂದು ಮನೆಯ ಹೊಗೆಗೂಡಿಗೆ ಬೆಂಕಿ ಬಿದ್ದಿರುವುದು ಕಂಡಿತು. ಆರು ಗುರುವಾರವೂ ಹೋದೆ. ಜೀವನದಲ್ಲಿ ಯಾವ ಚಿತ್ರವನ್ನೂ ನಾನು ಹಾಗೆ ನೋಡಿರಲಿಲ್ಲ.

ಆಮೇಲೆ ತಿಳಿಯಿತು: ಆ ಚಿತ್ರ ವರ್ಷದ ಋತುಗಳನ್ನು ಬರೆದ ಒಂದು ಮಾಲೆಗೆ ಸೇರಿದ್ದು, ಅದರಲ್ಲಿ ಉಳಿದಿರುವುದು ಐದು ಚಿತ್ರ. ಮೂರು ವಿಯೆನ್ನಾದ ಇದೇ ಕೋಣೆಯಲ್ಲಿವೆ. ಒಂದು ನ್ಯೂಯಾರ್ಕಿನಲ್ಲಿ. ಇನ್ನೊಂದು, ಹುಲ್ಲುಕೊಯ್ಲಿನ ಚಿತ್ರ, ಪ್ರಾಗ್ ಕೋಟೆಯೊಳಗಿನ ಲೊಬ್ಕೊವಿಟ್ಸ್ ಅರಮನೆಯಲ್ಲಿ. ಆ 34 ಸಾವಿರ ಹೆಜ್ಜೆಗಳ ಶನಿವಾರ ನಾನು ಅದರ ಬಾಗಿಲ ಮುಂದೆಯೇ ನಡೆದುಹೋಗಿದ್ದೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಇವೆಲ್ಲವನ್ನೂ ಹೊಂದಿಸುವುದು ಹೇಗೆ ಎಂದು ಕೇಳಬೇಡಿ, ಹೊಂದಿಸಬೇಡಿ. ನೀವು ಬಂದಿರುವುದು ಯುರೋಪಿಗೆ ಅಲ್ಲ, ವಿಯೆನ್ನಾಗೆ. ಈ ಊರಿನಲ್ಲಿ ವಾಸವಿದ್ದೂ ಪ್ರತಿ ಶನಿವಾರ ಊರು ಬಿಡುವವರಿಗೆ ಎರಡು ವರ್ಷದ ನಂತರ ಯಾವ ಊರೂ ತಮ್ಮದಾಗಿರುವುದಿಲ್ಲ. ತಿಂಗಳಿಗೆ ಒಂದೇ ಪ್ರಯಾಣ ಸಾಕು. ಎರಡು ರಾತ್ರಿ ಉಳಿಯಿರಿ, ಆ ವಾರ ದೂರದ ಓಟವನ್ನು ಪೂರ್ತಿ ಬಿಡಿ. ಉಳಿದ ವಾರಾಂತ್ಯಗಳಲ್ಲಿ ಡಿ ಟ್ರಾಮ್ ಹಿಡಿದು ನುಸ್‌ಡೋರ್ಫ್‌ಗೆ ಹೋಗಿ, ದ್ರಾಕ್ಷಿ ತೋಟಗಳ ನಡುವಿನ ದಾರಿಯಲ್ಲಿ ಕಾಲೆನ್‌ಬೆರ್ಗ್ ಗುಡ್ಡ ಹತ್ತಿ. 21 ಕಿಲೋಮೀಟರ್ ಉದ್ದದ ಡೊನಾವ್ (ಡ್ಯಾನ್ಯೂಬ್) ನದಿಯ ದ್ವೀಪದಲ್ಲಿ ನಿಧಾನವಾಗಿ ಓಡಿ. ನೆರೆ ತಡೆಯಲು ಹೊಸ ಕಾಲುವೆ ತೋಡಿದ ಮಣ್ಣಿನಿಂದ ಕಟ್ಟಿದ ಆ ದ್ವೀಪವನ್ನು ನೋಡಲೆಂದೇ ಬೇರೆ ದೇಶದವರು ಬರಬೇಕು, ಬರುವುದಿಲ್ಲ, ನಿಮಗೆ ಅದು ಮನೆಯ ಹಿತ್ತಲು.

ಮ್ಯಾರಥಾನ್ ಈ ಏಪ್ರಿಲ್‌ನಲ್ಲಿ ಬೇಡ. ಇಲ್ಲಿನ ಮೊದಲ ಚಳಿಗಾಲದಲ್ಲಿ ದೇಹ ಚಳಿಗೆ, ಕತ್ತಲೆಗೆ, ಊಟಕ್ಕೆ ಒಗ್ಗಿಕೊಳ್ಳುತ್ತಿರುತ್ತದೆ. ಬೇಕಿದ್ದರೆ ಅರ್ಧ ಮ್ಯಾರಥಾನ್ ಓಡಿ, ಪೂರ್ತಿಯನ್ನು ಎರಡನೆಯ ವರ್ಷಕ್ಕೆ ಇಡಿ. ನವೆಂಬರಿಗೆ ಮುಂಚೆ ವೈದ್ಯರನ್ನು ಕಂಡು ವಿಟಮಿನ್ ಡಿ ಪರೀಕ್ಷೆ ಮಾಡಿಸಿಕೊಳ್ಳಿ. ಒಬ್ಬರೇ ಓಡಬೇಡಿ. ಈಗ ನಾನು ಭಾನುವಾರ ಓಡುವ ಗುಂಪಿನಲ್ಲಿ ಅರವತ್ತೆಂಟು ವರ್ಷದ ನಿವೃತ್ತ ಶಿಕ್ಷಕಿ ಒಬ್ಬರಿದ್ದಾರೆ. ಓಟಕ್ಕೆ ಮುಂಚೆ ಅವರು ಎಲ್ಲರನ್ನೂ ಕೇಳುವುದು ಒಂದೇ ಮಾತು: "ನಿನ್ನೆ ಎಷ್ಟು ನಡೆದಿರಿ?" ಆ ಡಿಸೆಂಬರಿನಲ್ಲಿ ಯಾರಾದರೂ ನನ್ನನ್ನು ಹೀಗೆ ಕೇಳಿದ್ದರೆ ಸಾಕಾಗಿತ್ತು. ಮತ್ತೆ, ಪಾದದ ಮೇಲೆ ಬೆರಳಿಟ್ಟು ಒತ್ತಿದಾಗ ಒಂದೇ ಬಿಂದುವಿನಲ್ಲಿ ನೋವಾದರೆ ಆ ಕ್ಷಣವೇ ನಿಂತುಬಿಡಿ, ಮಾತ್ರೆ ನುಂಗಬೇಡಿ. ಒಪೆರಾ ಬಿಡಬೇಡಿ. ಮರುದಿನ ಓಟವಿಲ್ಲದ ಸಂಜೆ ಹೋಗಿ, ಅಷ್ಟೆ.

ಮನೆಯವರು ಪ್ಯಾರಿಸ್ ಬಗ್ಗೆ ಕೇಳುತ್ತಲೇ ಇರುತ್ತಾರೆ. ನಾನು ಇನ್ನೂ ನೋಡಿಲ್ಲ.

ಎರಡನೆಯ ಪ್ರಾಗ್ ಪ್ರಯಾಣ ಆ ಜೂನ್‌ನಲ್ಲಿ. ಓಟದ ಬೂಟನ್ನೇ ಹಾಕಿಕೊಂಡಿದ್ದೆ. ಟ್ರಾಮ್‌ನಲ್ಲಿ ಕೋಟೆಗೆ ಹತ್ತಿ ನೇರ ಆ ಅರಮನೆಗೆ ಹೋದೆ, ಬೇರೇನನ್ನೂ ನೋಡಲಿಲ್ಲ. ಚಿತ್ರದಲ್ಲಿ ಮಳೆ ಬಂದು ಹೋದ ಮೇಲಿನಂಥ ಹಸಿರು. ಮೂಲೆಯಲ್ಲೊಬ್ಬ ಕುಡುಗೋಲು ಮಸೆಯುತ್ತಿದ್ದಾನೆ. ಕುಂಟೆ ಹೊತ್ತ ಮೂವರು ಹೆಂಗಸರು ಹೊಲದ ಕಡೆ ನಡೆದಿದ್ದಾರೆ, ಅವರಲ್ಲಿ ಒಬ್ಬಳು ಮಾತ್ರ ಮುಖ ತಿರುಗಿಸಿ ನೇರ ನಮ್ಮನ್ನು ನೋಡುತ್ತಾಳೆ. ಅವರ ಪಕ್ಕದಲ್ಲಿ ತಲೆಯ ಮೇಲೆ ಬುಟ್ಟಿ ಹೊತ್ತವರ ಸಾಲು. ಬುಟ್ಟಿಗಳ ಭಾರಕ್ಕೆ ಅವರ ಮುಖವೇ ಕಾಣುವುದಿಲ್ಲ. ನಮ್ಮೂರಿನ ಸಂತೆಗೆ ಸೊಪ್ಪು ತರುವವರ ನಡಿಗೆ ಅದೇ, ಸೊಂಟದಿಂದ ಕೆಳಗೆ ಮಾತ್ರ ಚಲನೆ, ಕುತ್ತಿಗೆ ಕಂಬದ ಹಾಗೆ. ಅಮ್ಮನಿಗೆ ಫೋನು ಮಾಡಿ ಅದನ್ನೇ ಹೇಳಿದೆ. ಅವರು ಬುಟ್ಟಿಯಲ್ಲಿ ಏನಿದೆ ಎಂದು ಕೇಳಿದರು. ಹಣ್ಣು, ತರಕಾರಿ ಎಂದೆ. ಎಂಥ ಹಣ್ಣು ಎಂದರು. ಎದ್ದು ಇನ್ನಷ್ಟು ಹತ್ತಿರ ಹೋಗಿ ನೋಡಿದೆ.