ಆರು ಪೇಪರ್, ಒಂದು ಮಣ್ಣಿನ ನಾಯಿ

ಪ್ರಶ್ನೆ: ಮೇಡಂ, ನಾನು ಗೋಣಿಕೊಪ್ಪದವಳು. ಹೊರಜಿಲ್ಲೆಯ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಬಿ.ಎಸ್ಸಿ., ಬಿ.ಕಾಂ. ಮಕ್ಕಳಿಗಾಗಿ ಮಾನವಿಕ ವಿಷಯಗಳನ್ನು ಕೂಡಿಸಿ 24 ಕ್ರೆಡಿಟ್‌ನ ಒಂದು ಮೈನರ್ (ಮುಖ್ಯ ವಿಷಯದ ಜೊತೆಗೆ ಓದುವ ಉಪವಿಷಯ) ತಯಾರು ಮಾಡಲು ಡೀನ್ ಹೇಳಿದ್ದಾರೆ. ಇತಿಹಾಸ, ಕನ್ನಡ, ಸಮಾಜಶಾಸ್ತ್ರ, ಎಲ್ಲ ವಿಭಾಗದವರೂ ‘ನಮ್ಮದೊಂದು ಪೇಪರ್ ಹಾಕಿ’ ಅನ್ನುತ್ತಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಎಲ್ಲರ ಹತ್ತಿರ ಒಂದೊಂದು ಪೇಪರ್ ಇಸಕೊಂಡು ಬರಬೇಡಿ. ಆ ತಪ್ಪನ್ನು ನಾನೇ ಮಾಡಿದ್ದೇನೆ. ನಾನು ಕೆಲಸಕ್ಕಿದ್ದ ಕಾಲೇಜೊಂದರಲ್ಲಿ ಕೊಡಗಿನ ಬಗ್ಗೆ ಮೂವರು ಸೇರಿ ಒಂದು ಕೋರ್ಸ್ ಮಾಡಿದ್ದೆವು. 1834ರಲ್ಲಿ ಕಂಪನಿಯವರು ಕೊಡಗನ್ನು ವಶ ಮಾಡಿಕೊಂಡದ್ದನ್ನು ಹೇಳಿ ನಾನು ಹೊರಗೆ ಬರುತ್ತಿದ್ದೆ. ಕನ್ನಡದವರು ಒಳಗೆ ಹೋಗುತ್ತಿದ್ದರು. ಬಾಗಿಲಲ್ಲಿ ಚಾಕ್‌ಪೀಸ್ ಡಬ್ಬಿ ಕೈ ಬದಲಾಯಿಸುತ್ತಿತ್ತು, ನಮ್ಮ ನಮ್ಮ ಪಾಠಗಳ ನಂಟು ಅಷ್ಟೇ. ವರ್ಷದ ಕೊನೆಗೆ ಒಬ್ಬ ಹುಡುಗ ಮೂರು ನೋಟ್ಸ್ ಪುಸ್ತಕ ಮುಂದಿಟ್ಟು, “ಮೇಡಂ, ಇದು ಒಂದು ಕೋರ್ಸಾ, ಮೂರಾ?” ಎಂದ. ಸುಮ್ನೆ ನಕ್ಕು ಕಳಿಸಿದೆ.

ವಿಭಾಗಗಳನ್ನು ಬಿಡಿ, ಒಂದು ವಸ್ತುವನ್ನು ಹಿಡಿಯಿರಿ. ನಾನಾದರೆ ದೇವರಕಾಡು, ಅಂದರೆ ದೇವರ ಹೆಸರಿನಲ್ಲಿ ಬಿಟ್ಟ ಕಾಡು, ಹಿಡಿಯುತ್ತಿದ್ದೆ. ನಮ್ಮ ಕೊಡಗು ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ಇವೆ. ಅಯ್ಯಪ್ಪನ ದೇವರಕಾಡಿನಲ್ಲಿ ಹರಕೆಯ ಮಣ್ಣಿನ ನಾಯಿಗಳನ್ನು ನೋಡಿರುತ್ತೀರಿ, ಅಲ್ವಾ? ಮೈಮೇಲೆ ಪಾಚಿ, ಒಂದಕ್ಕೆ ಕಿವಿ ಇಲ್ಲ, ಇನ್ನೊಂದಕ್ಕೆ ಬಾಲ ಇಲ್ಲ. ಅದರಲ್ಲಿ ಒಂದು ನಾಯಿ ಸಾಕು. ಬೇಟೆಯ ದೇವರಿಗೆ ನಾಯಿ ಯಾಕೆ? ಅದನ್ನು ಸುಟ್ಟು ಕೊಟ್ಟವರು ಯಾರು, ಅವರಿಗೆ ಆ ಕಾಡಿನಲ್ಲಿ ಎಲ್ಲಿಯವರೆಗೆ ಪ್ರವೇಶ? ಜಾಗ ದಾಖಲೆಯಲ್ಲಿ ಯಾರ ಹೆಸರಿನಲ್ಲಿದೆ? ಪಕ್ಕದ ಕಾಫಿ ತೋಟದ ಬೇಲಿ ಎಷ್ಟು ಒಳಗೆ ಸರಿದಿದೆ? ಬೇಲಿ ಅಳೆಯುವ ಕೆಲಸ ಬಿ.ಎಸ್ಸಿ.ಯವರಿಗೇ ಇರಲಿ, ಖುಷಿಯಿಂದ ಮಾಡುತ್ತಾರೆ. ಸಾಹಿತ್ಯಕ್ಕೆ ‘ಪಟ್ಟೋಲೆ ಪಳಮೆ’ ಇದೆ. ಬಾಯಲ್ಲಿದ್ದ ಕೊಡವ ತಕ್ಕ್ (ಕೊಡವ ಭಾಷೆ) ಹಾಡುಗಳು 1924ರಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚಾದವು. ದುಡಿ ಎಂಬ ಪುಟ್ಟ ವಾದ್ಯ ಹಿಡಿದು ಹಾಡುವುದನ್ನು ಹಾಳೆಗೆ ಇಳಿಸಿದಾಗ ಏನು ಉಳಿಯಿತು, ಏನು ಬಿಟ್ಟುಹೋಯಿತು? ಒಂದು ತಿಂಗಳು ಕೇಳಬಹುದಾದ ಪ್ರಶ್ನೆ ಇದು.

ಇನ್ನು ಲೆಕ್ಕ. 24 ಎಂದರೆ ನಾಲ್ಕು ಕ್ರೆಡಿಟ್‌ನ ಆರು ಪೇಪರ್. ಮೊದಲನೆಯದಕ್ಕೆ ಇಬ್ಬರು ಮೇಷ್ಟ್ರು ಒಂದೇ ಕ್ಲಾಸಿನಲ್ಲಿ, ಒಂದೇ ಹೊತ್ತಿಗೆ ಇರಬೇಕು. ಇಬ್ಬರಿಗೂ ಆ ಗಂಟೆ ಪೂರ್ತಿ ವರ್ಕ್‌ಲೋಡ್‌ಗೆ ಸೇರಬೇಕು. ಇದನ್ನು ಡೀನ್ ಹತ್ತಿರ ಬರಹದಲ್ಲಿ ಪಡೆಯಿರಿ. ಬಾಯಿಮಾತು ನಂಬಿದರೆ ಎರಡನೇ ಸೆಮಿಸ್ಟರ್‌ಗೆ ಒಬ್ಬರು ಮಾಯ. ನಡುವಿನ ನಾಲ್ಕು ಪೇಪರ್ ವಿಭಾಗಗಳಲ್ಲಿ ಈಗಾಗಲೇ ಇರುವುದರಿಂದಲೇ, ನೀವು ಹಿಡಿದ ವಸ್ತುವಿಗೆ ಹೊಂದುವುದನ್ನು ನೋಡಿ ಆರಿಸಿಕೊಳ್ಳಿ, ಅವರಿಗೂ ಸಮಾಧಾನ. ಕೊನೆಯದು ಕ್ಷೇತ್ರಕಾರ್ಯ. ಯುಜಿಸಿ ಲೆಕ್ಕದಲ್ಲಿ ಒಂದು ಕ್ರೆಡಿಟ್‌ಗೆ ಪಾಠವಾದರೆ 15 ಗಂಟೆ, ಕ್ಷೇತ್ರಕಾರ್ಯವಾದರೆ 30. ಹಾಗಾಗಿ ನಾಲ್ಕು ಕ್ರೆಡಿಟ್‌ಗೆ 120 ಗಂಟೆ. ಎರಡು ದಿನದ ಬಸ್ ಟ್ರಿಪ್‌ನಲ್ಲಿ ಅದು ಮುಗಿಯಲ್ಲ.

ಮಳೆಗಾಲದಲ್ಲಿ ಮಾತ್ರ ಮಕ್ಕಳನ್ನು ಕರೆತರಬೇಡಿ. ಜಿಗಣೆ ಕೀಳುವುದರಲ್ಲೇ ಕ್ರೆಡಿಟ್ ಮುಗಿಯುತ್ತದೆ. ಕಾಡಿಗೆ ಹೋಗುವ ಮೊದಲು ದೇವಸ್ಥಾನದ ತಕ್ಕರನ್ನು, ಅಂದರೆ ಅಲ್ಲಿನ ಮುಖ್ಯಸ್ಥರನ್ನು, ಕೇಳಿ. ಐನ್‌ಮನೆಯ (ಕೊಡವ ಕುಟುಂಬದ ಮೂಲಮನೆ) ಹಿರಿಯರನ್ನಷ್ಟೇ ಮಾತಾಡಿಸಿ ವಾಪಸ್ ಹೊರಡಬೇಡಿ. ತೋಟದ ಕೆಲಸಗಾರರ ಲೈನ್‌ಮನೆಯಲ್ಲಿರುವ ಎರವರಿಗೂ, ಹಾಡಿಯ ಜೇನುಕುರುಬರಿಗೂ, ಈ ಎರಡೂ ಬುಡಕಟ್ಟಿನವರಿಗೆ, ಆ ಕಾಡು ಗೊತ್ತು. ನಿಮ್ಮೂರಿನ ಹತ್ತಿರದ ದೇವರಪುರದಲ್ಲಿ ಕುಂಡೆ ಹಬ್ಬದ ದಿನ ದೇವರನ್ನೇ ಬೈದು ಹಾಡುವವರು ಅವರು. ಬೈಗುಳವನ್ನು ಯಾವ ಪೇಪರ್‌ಗೆ ಹಾಕುತ್ತೀರಿ ಅಂತ ನಿಮ್ಮ ವಿಭಾಗದವರನ್ನು ಕೇಳಿ ನೋಡಿ. ಮೀಟಿಂಗ್ ಚೆನ್ನಾಗಿ ನಡೆಯುತ್ತದೆ.

ವರ್ಕ್‌ಲೋಡ್ ಕಾಗದ ಕೈಗೆ ಬಂದ ಮೇಲೆ ಇನ್ನೊಂದು ಪತ್ರ ಹಾಕಿ. ಪರೀಕ್ಷೆಯ ವಿಷಯ ಆಗ ಮಾತಾಡೋಣ.