ಎಂಟು ಜನರನ್ನು ಬಿಡಿ, ಒಬ್ಬನನ್ನು ಹಿಡಿಯಿರಿ

ನಮಸ್ಕಾರ.

ನೀವು ಕಳಿಸಿದ ‘ಕೂಪರ್ಸ್‌ಟೌನ್ ಬಾಗಿಲು ಯಾರಿಗೆ ತೆರೆಯಬೇಕು?’ ಲೇಖನ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಸುಮ್ನೆ ಕೊನೆತನಕ ಕಾಯಿಸುವುದು ಬೇಡ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಅಡಗಿದೆ, ಐದನೇ ಪುಟದಲ್ಲಿ. ಇಷ್ಟುದ್ದ ಬರೆಯುತ್ತಿರುವುದು ಅದಕ್ಕೇ.

ಕೂಪರ್ಸ್‌ಟೌನ್ ಊರಿನಲ್ಲಿರುವ ಅಮೆರಿಕದ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ ನಿವೃತ್ತ ಆಟಗಾರರಲ್ಲಿ ಯಾರು ಸೇರಬೇಕು ಎನ್ನುವುದು ನಿಮ್ಮ ವಿಷಯ. ಒಂಬತ್ತು ಜನರನ್ನು ತೆಗೆದುಕೊಂಡಿದ್ದೀರಿ. ಒಬ್ಬೊಬ್ಬರಿಗೂ ಒಂದು ಪ್ಯಾರಾ. ಪ್ರತಿ ಪ್ಯಾರಾ ಮುಗಿಯುವುದು ‘ಇವರು ಖಂಡಿತ ಅರ್ಹರು’ ಎಂದು. ಒಂಬತ್ತಕ್ಕೆ ಒಂಬತ್ತೂ ಅರ್ಹರು! ಹಾಗಾದರೆ ಅನರ್ಹ ಯಾರು? ಓದುಗ ಕೇಳುವ ಮೊದಲ ಪ್ರಶ್ನೆಯೇ ಅದು, ಅಲ್ವಾ? ನಿಮ್ಮ ಗೆರೆ ಎಲ್ಲಿದೆ ಎಂದು ನನಗೆ ಆರು ಪುಟ ಓದಿದರೂ ಗೊತ್ತಾಗಲಿಲ್ಲ. ಇದೇ ಲೇಖನದ ದೊಡ್ಡ ತೊಂದರೆ. ಉಳಿದದ್ದೆಲ್ಲ ರಿಪೇರಿ ಆಗುವಂಥದ್ದು.

ಶುರುವಿನಿಂದ ಬರೋಣ. 1936ರ ಮೊದಲ ಆಯ್ಕೆಯ ಬಗ್ಗೆ ಒಂದು ಪುಟ ಬರೆದಿದ್ದೀರಿ. ಐದು ಹೆಸರುಗಳನ್ನೂ ಸರಿಯಾಗಿ ಕೊಟ್ಟಿದ್ದೀರಿ. ಟೈ ಕಾಬ್‌ಗೆ 226ರಲ್ಲಿ 222 ಮತ, ಬೇಬ್ ರೂತ್‌ಗೆ 215 ಎಂದೂ ಬರೆದು, ‘ಭಾರಿ ಬಹುಮತ’ ಎಂದು ಮುಂದೆ ಹೋಗಿಬಿಟ್ಟಿದ್ದೀರಿ. ಅಲ್ಲೇ ನಿಲ್ಲಬೇಕಿತ್ತು. ಬೇಬ್ ರೂತ್‌ನಂಥ ರೂತ್‌ಗೇ 11 ಜನ ಮತ ಹಾಕಲಿಲ್ಲ! ಮುಂದೆ ಎಂಬತ್ತು ವರ್ಷ ದಾಟಿದರೂ ಯಾರಿಗೂ ನೂರಕ್ಕೆ ನೂರು ಸಿಗಲಿಲ್ಲ. ಸಿಕ್ಕಿದ್ದು 2019ರಲ್ಲಿ, ಪಿಚರ್ (ಬ್ಯಾಟರ್‌ಗೆ ಚೆಂಡು ಎಸೆಯುವವ) ಮರಿಯಾನೊ ರಿವೇರಾಗೆ, 425ಕ್ಕೆ 425. ಮರುವರ್ಷ ಡೆರೆಕ್ ಜೀಟರ್‌ಗೆ ಒಂದು ಮತ ತಪ್ಪಿತು. 2025ರಲ್ಲಿ ಜಪಾನಿನ ಇಚಿರೊಗೂ ಹಾಗೇ ಒಂದು ತಪ್ಪಿತು. ಈ ಮತದಾರರು ಎಂಥವರು ಎಂದು ಈ ನಾಲ್ಕು ಸಾಲಿನಲ್ಲೇ ಓದುಗನಿಗೆ ಗೊತ್ತಾಗುತ್ತದೆ. ಬೇರೆ ಇತಿಹಾಸ ಬೇಕಿಲ್ಲ.

ನಿಯಮಗಳನ್ನು ಮೂರನೇ ಪುಟದಲ್ಲಿ ಇಟ್ಟಿದ್ದೀರಿ. ತಡವಾಯಿತು. ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ಇದು ಗೊತ್ತಿಲ್ಲ. ದ್ರಾವಿಡ್, ಕುಂಬ್ಳೆ ಐಸಿಸಿಯ ಹಾಲ್ ಆಫ್ ಫೇಮ್ ಸೇರಿದಾಗ ನಾವು ಸುದ್ದಿ ಓದಿ ಖುಷಿಪಟ್ಟು ಸುಮ್ಮನಾದೆವು. ಪ್ರತಿ ಜನವರಿ ಬಂತೆಂದರೆ ಇದಕ್ಕಾಗಿ ಜಗಳ ಆಡುವವರಿದ್ದಾರೆ ಎಂದರೆ ನಮಗೆ ಹೊಸದು. ಆದ್ದರಿಂದ ಮೊದಲೇ ಚುಟುಕಾಗಿ ಹೇಳಿ: ಹತ್ತು ಸೀಸನ್ ಆಡಿರಬೇಕು, ನಿವೃತ್ತಿಯಾಗಿ ಐದು ವರ್ಷ ಆಗಿರಬೇಕು. ಮತ ಹಾಕುವವರು ಬೇಸ್‌ಬಾಲ್ ಬರಹಗಾರರ ಸಂಘದಲ್ಲಿ ಹತ್ತು ವರ್ಷ ಸದಸ್ಯರಾಗಿದ್ದ ಪತ್ರಕರ್ತರು. ನೂರಕ್ಕೆ 75 ಮತ ಬಂದರೆ ಒಳಗೆ, ಐದಕ್ಕಿಂತ ಕಡಿಮೆಯಾದರೆ ಪಟ್ಟಿಯಿಂದಲೇ ಹೊರಗೆ. ನಡುವೆ ಇದ್ದವರಿಗೆ ಹತ್ತು ವರ್ಷದ ಅವಕಾಶ. 2014ರವರೆಗೆ ಅದು ಹದಿನೈದು ವರ್ಷ ಇತ್ತು. ಒಬ್ಬ ಮತದಾರ ಹತ್ತು ಹೆಸರಿಗಿಂತ ಜಾಸ್ತಿ ಬರೆಯುವಂತಿಲ್ಲ.

ಈ ಕೊನೆಯ ನಿಯಮ ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. ಅದಿಲ್ಲದೆ ಈ ವಿಷಯದ ಅರ್ಧ ಅರ್ಥವಾಗುವುದಿಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಾಲ್ಕನೇ ಪುಟದಲ್ಲಿ ಒಂದು ವಾದ ಪದೇ ಪದೇ ಬರುತ್ತದೆ: ‘ಹೆರಾಲ್ಡ್ ಬೇನ್ಸ್ ಒಳಗಿದ್ದಾನೆ ಎಂದಮೇಲೆ ಇವನೂ ಇರಬೇಕು.’ ಇದನ್ನು ಪೂರ್ತಿ ಕಿತ್ತುಹಾಕಿ. ಪತ್ರಕರ್ತರ ಮತದಾನದಲ್ಲಿ ಬೇನ್ಸ್‌ಗೆ ಶೇಕಡಾ ಏಳು ಮತ ಕೂಡ ಯಾವತ್ತೂ ಬಂದಿರಲಿಲ್ಲ. 2018ರ ಡಿಸೆಂಬರ್‌ನಲ್ಲಿ ಪತ್ರಕರ್ತರು ಬಿಟ್ಟವರನ್ನು ಮತ್ತೆ ನೋಡುವ 16 ಜನರ ಸಮಿತಿಯೊಂದು 12 ಮತದಿಂದ ಅವನನ್ನು ಆರಿಸಿತು. ಆ ಸಮಿತಿಯಲ್ಲಿ ಅವನ ಹಳೆಯ ಮ್ಯಾನೇಜರ್ (ಬೇಸ್‌ಬಾಲ್‌ನಲ್ಲಿ ತಂಡದ ಮುಖ್ಯ ಕೋಚ್) ಟೋನಿ ಲಾ ರುಸ್ಸಾ ಇದ್ದರು, ಅವನು ಆಡಿದ ತಂಡದ ಮಾಲೀಕರೂ ಇದ್ದರು. ಅತಿ ಸಡಿಲವಾದ ಆಯ್ಕೆಯನ್ನೇ ಅಳತೆಗೋಲು ಮಾಡಿಕೊಂಡರೆ ನೂರಾರು ಜನ ಒಳಗೆ ಬರುತ್ತಾರೆ. ನಿಮ್ಮ ಆಟಗಾರನನ್ನು ಕೆಳಗಿನವರ ಜೊತೆ ಹೋಲಿಸಬೇಡಿ. ಒಳಗಿರುವವರ ನಡುಮಟ್ಟಕ್ಕೆ ಹೋಲಿಸಿ. ಅಲ್ಲಿ ನಿಂತರೆ ನಿಂತ, ಇಲ್ಲದಿದ್ದರೆ ಇಲ್ಲ.

ಇನ್ನು ಬ್ಯಾರಿ ಬಾಂಡ್ಸ್, ಪೀಟ್ ರೋಸ್. ‘ನಿಷೇಧಕ್ಕೊಳಗಾದ ಈ ಇಬ್ಬರು’ ಎಂದು ಬರೆದಿದ್ದೀರಿ. ತಪ್ಪು. ಇಂಥ ತಪ್ಪು ಒಂದಿದ್ದರೂ ಗೊತ್ತಿರುವ ಓದುಗ ಮುಂದಿನ ಸಾಲು ನಂಬುವುದಿಲ್ಲ. ರೋಸ್ ಮ್ಯಾನೇಜರ್ ಆಗಿದ್ದಾಗ ತನ್ನದೇ ತಂಡದ ಪಂದ್ಯಗಳ ಮೇಲೆ ಬಾಜಿ ಕಟ್ಟಿದವನು. 1989ರಲ್ಲಿ ಆಟದಿಂದಲೇ ಹೊರಬಿದ್ದ. 1991ರಲ್ಲಿ ಹಾಲ್ ಆಫ್ ಫೇಮ್ ಅಂಥವರಿಗೆ ಬಾಗಿಲು ಮುಚ್ಚುವ ನಿಯಮ ತಂದಿತು. ಹೀಗಾಗಿ 4,256 ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟುವುದು) ಹೊಡೆದವನ ಹೆಸರು ಮತಪತ್ರದಲ್ಲಿ ಬರಲೇ ಇಲ್ಲ. 2024ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. 2025ರ ಮೇ ತಿಂಗಳಲ್ಲಿ ಲೀಗ್‌ನ ಮುಖ್ಯಸ್ಥರಾದ ಕಮಿಷನರ್ ಆ ನಿಷೇಧ ಸತ್ತವರಿಗೆ ಅನ್ವಯಿಸದು ಎಂದರು.

ಬಾಂಡ್ಸ್ ಕಥೆಯೇ ಬೇರೆ. ಅವನನ್ನು ಯಾರೂ ನಿಷೇಧಿಸಿಲ್ಲ. ಹತ್ತು ವರ್ಷವೂ ಅವನ ಹೆಸರು ಮತಪತ್ರದಲ್ಲಿತ್ತು. 762 ಹೋಮ್ ರನ್ (ನಮ್ಮ ಸಿಕ್ಸರ್‌ನಂತೆ ಚೆಂಡನ್ನು ಬೇಲಿಯಾಚೆ ಹೊಡೆಯುವುದು), ಏಳು ಸಲ ಲೀಗ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ. ಸ್ಟೀರಾಯ್ಡ್ ಅನುಮಾನದಿಂದ ಪತ್ರಕರ್ತರು ತಡೆದರು. ಕೊನೆಯ ವರ್ಷ 2022ರಲ್ಲಿ ಶೇಕಡಾ 66ಕ್ಕೆ ನಿಂತ. ಅದೇ ವರ್ಷ ಡೇವಿಡ್ ಓರ್ಟಿಜ್ ಮೊದಲ ಯತ್ನದಲ್ಲೇ ಶೇಕಡಾ 77.9 ಪಡೆದು ಒಳಗೆ ಹೋದ. ಗುಟ್ಟಾಗಿರಬೇಕಿದ್ದ 2003ರ ಒಂದು ಪರೀಕ್ಷೆಯ ಪಟ್ಟಿಯಲ್ಲಿ ಓರ್ಟಿಜ್ ಹೆಸರೂ ಇತ್ತೆಂದು ಪತ್ರಿಕೆಗಳಲ್ಲಿ ಬಂದಿತ್ತು. ಆ ಪರೀಕ್ಷೆಯ ಫಲಿತಾಂಶ ಪೂರ್ತಿ ನಂಬುವಂಥದ್ದಲ್ಲ ಎಂದು ಕಮಿಷನರ್ ಹೇಳಿದ್ದೂ ಉಂಟು. ಈ ಎರಡನ್ನೂ ಅಕ್ಕಪಕ್ಕ ಇಟ್ಟು ಬರೆದಿದ್ದರೆ ನಿಮ್ಮ ಪುಟಕ್ಕೆ ಜೀವ ಬರುತ್ತಿತ್ತು. ನಡತೆಯನ್ನೂ ನೋಡಬೇಕು ಎಂದು ನಿಯಮ ಹೇಳುತ್ತದೆ, ನಿಜ. ಆದರೆ ಕಪ್ಪು ಆಟಗಾರರ ಎದುರು ಆಡುವುದಿಲ್ಲ ಎಂದ ಕ್ಯಾಪ್ ಆನ್ಸನ್ 1939ರಿಂದ ಅದೇ ಹಾಲ್ ಆಫ್ ಫೇಮ್‌ನ ಗೋಡೆಯ ಮೇಲೆ ಇದ್ದಾನೆ. ನನ್ನನ್ನು ಕೇಳಿದರೆ ನಾನು ಬಾಂಡ್ಸ್‌ಗೆ ಮತ ಹಾಕುತ್ತಿದ್ದೆ. ನೀವು ಒಪ್ಪಬೇಕಿಲ್ಲ. ‘ಕಾಲವೇ ನಿರ್ಧರಿಸಲಿದೆ’ ಎಂದು ಜಾರಿಕೊಂಡಿದ್ದೀರಲ್ಲ, ಅದಕ್ಕೆ ಮಾತ್ರ ನನ್ನ ತಕರಾರು.

ಈಗ ಐದನೇ ಪುಟ. ಡೆನ್ವರ್‌ನ ರಾಕೀಸ್ ತಂಡಕ್ಕೆ ಆಡಿದ ಬ್ಯಾಟರ್ ಲ್ಯಾರಿ ವಾಕರ್.

ಇಲ್ಲಿ ನಿಮ್ಮ ಬರವಣಿಗೆಯೇ ಬದಲಾಗಿದೆ. ಆ ತಂಡದ ತವರು ಮೈದಾನ, ಡೆನ್ವರ್‌ನ ಕೂರ್ಸ್ ಫೀಲ್ಡ್‌ನಲ್ಲಿ ಮೇಲಿನ ಅಂತಸ್ತಿನ ಒಂದು ಸಾಲು ಕುರ್ಚಿಗೆ ಮಾತ್ರ ನೇರಳೆ ಬಣ್ಣ, ಸಮುದ್ರಮಟ್ಟದಿಂದ ಸರಿಯಾಗಿ ಒಂದು ಮೈಲಿ ಎತ್ತರ ಅಲ್ಲಿಗೆ ಎಂದು ಬರೆದಿದ್ದೀರಿ. ಈ ಒಂದು ಸಾಲು ಬರೆದವನು ಲೇಖನ ಬರೆಯಬಲ್ಲ. ಗಾಳಿ ತೆಳು, ಚೆಂಡು ದೂರ ಹೋಗುತ್ತದೆ, ಪಿಚರ್‌ನ ಚೆಂಡು ಅಷ್ಟಾಗಿ ತಿರುಗುವುದೂ ಇಲ್ಲ. ಅದನ್ನು ಸರಿದೂಗಿಸಲು ಬೇಲಿ ದೂರ ಇಟ್ಟರೆ ಮೈದಾನ ದೊಡ್ಡದಾಗಿ, ಚೆಂಡು ಬೀಳಲು ಜಾಗ ಜಾಸ್ತಿಯಾಯಿತು. ನಮ್ಮವರಿಗೆ ಇದನ್ನು ವಿವರಿಸಲು ನಿಮಗೆ ಕಷ್ಟವೇ ಇಲ್ಲ. ಚಿನ್ನಸ್ವಾಮಿಯಲ್ಲಿ ಬಿದ್ದ ಸಿಕ್ಸರ್‌ಗೆ ನಾವೇ ‘ಇಲ್ಲಿ ಅಷ್ಟೇ ಬಿಡಿ’ ಎನ್ನುತ್ತೇವಲ್ಲ? ಬೆಂಗಳೂರಿನ ಎತ್ತರ ಸುಮಾರು 900 ಮೀಟರ್, ಡೆನ್ವರ್ 1,600. ಲೇಖನ ಇಲ್ಲಿಂದಲೇ ಶುರುವಾಗಲಿ.

ಆದರೆ ಇಲ್ಲೂ ಒಂದು ಅಂಕಿ ಮುಚ್ಚಿಟ್ಟಿದ್ದೀರಿ. ವಾಕರ್‌ನ ಒಟ್ಟು ಬ್ಯಾಟಿಂಗ್ ಸರಾಸರಿ (ಬ್ಯಾಟ್ ಹಿಡಿದದ್ದರಲ್ಲಿ ಹಿಟ್‌ನ ಪಾಲು) .313 ಎಂದು ಕೊಟ್ಟಿದ್ದೀರಿ. ತವರಿನ ಮೈದಾನಗಳಲ್ಲಿ .348, ಹೊರಗೆ .278 ಎಂಬುದನ್ನು ಕೊಟ್ಟಿಲ್ಲ. ಅವನ ವಿರೋಧಿಗಳ ಕೈಲಿದ್ದ ಆಯುಧವೇ ಅದು. ನೀವೇ ಅದನ್ನು ಮೊದಲು ತೆಗೆದು ಮೇಜಿನ ಮೇಲಿಡಿ. ಆಮೇಲೆ ಉತ್ತರ ಕೊಡಿ. ಉತ್ತರ ನಿಮ್ಮ ಹತ್ತಿರವೇ ಇದೆ: 1997ರಲ್ಲಿ ಅವನು ಹೊಡೆದ 49 ಹೋಮ್ ರನ್‌ಗಳಲ್ಲಿ 29 ಹೊರಗಿನ ಮೈದಾನಗಳಲ್ಲಿ ಬಂದವು. ಇಡೀ ವೃತ್ತಿಜೀವನದಲ್ಲಿ ಕೂರ್ಸ್ ಫೀಲ್ಡ್‌ನಲ್ಲಿ ಬ್ಯಾಟ್ ಹಿಡಿದದ್ದು ಮೂರನೇ ಒಂದು ಪಾಲಿಗಿಂತ ಕಡಿಮೆ. ಮೈದಾನದ ಲಾಭ ಕಳೆದು ಲೆಕ್ಕ ಹಾಕುವ ಒಪಿಎಸ್ ಪ್ಲಸ್‌ನಲ್ಲಿ ಸಾಮಾನ್ಯ ಬ್ಯಾಟರ್‌ಗೆ 100 ಎಂದರೆ ಇವನಿಗೆ 141. ಜೊತೆಗೆ ಫೀಲ್ಡಿಂಗ್‌ಗೆ ಏಳು ಗೋಲ್ಡ್ ಗ್ಲವ್ ಪ್ರಶಸ್ತಿ, 230 ಬೇಸ್ ಕದ್ದದ್ದು (ಪಿಚರ್ ಕಣ್ಣು ತಪ್ಪಿಸಿ ಮುಂದಿನ ಬೇಸ್‌ಗೆ ಓಡುವುದು). ಕ್ಯಾಚ್ ಹಿಡಿಯುವುದಕ್ಕೂ ಓಡುವುದಕ್ಕೂ ತೆಳುಗಾಳಿ ಸಹಾಯ ಮಾಡುವುದಿಲ್ಲವಲ್ಲ.

ಹತ್ತು ಹೆಸರಿನ ಮಿತಿ ಕೆಲಸಕ್ಕೆ ಬರುವುದು ಇಲ್ಲಿ. ವಾಕರ್‌ಗೆ ಮೊದಲ ವರ್ಷ, 2011ರಲ್ಲಿ, ಶೇಕಡಾ 20.3 ಮತ. 2014ರಲ್ಲಿ ಅದು 10.2ಕ್ಕೆ ಕುಸಿಯಿತು. ನಡುವೆ ಅವನು ಒಂದು ಪಂದ್ಯವನ್ನೂ ಆಡಿಲ್ಲ, ಅವನ ಅಂಕಿ ಒಂದೂ ಬದಲಾಗಿಲ್ಲ. ಮತ್ತೆ ಯಾಕೆ ಕುಸಿತ? ಆ ವರ್ಷ ಗ್ರೆಗ್ ಮ್ಯಾಡಕ್ಸ್, ಟಾಮ್ ಗ್ಲಾವಿನ್, ಫ್ರಾಂಕ್ ಥಾಮಸ್ ಹೊಸದಾಗಿ ಪಟ್ಟಿಗೆ ಬಂದರು. ಬಾಂಡ್ಸ್, ಅದೇ ಅನುಮಾನಕ್ಕೊಳಗಾದ ಪಿಚರ್ ಕ್ಲೆಮೆನ್ಸ್ ಒಳಗೂ ಹೋಗದೆ ಹೊರಗೂ ಬೀಳದೆ ಜಾಗ ಹಿಡಿದು ಕೂತಿದ್ದರು. ವಾಕರ್ ಅರ್ಹ ಎಂದುಕೊಂಡವನಿಗೂ ಹತ್ತರೊಳಗೆ ಅವನ ಹೆಸರು ಬರೆಯಲು ಜಾಗ ಸಿಗುವುದು ಕಷ್ಟವಾಯಿತು. ಪಟ್ಟಿ ತೆರವಾದ ಹಾಗೆ ಮತ ಏರಿತು. 2019ರಲ್ಲಿ 54.6. ಕೊನೆಯ ಅವಕಾಶ 2020. ಆ ಬೆಳಿಗ್ಗೆ ಅವನೇ, ಸ್ವಲ್ಪದರಲ್ಲಿ ತಪ್ಪಬಹುದು ಎಂದು ಟ್ವಿಟರ್‌ನಲ್ಲಿ ಬರೆದು ಎಲ್ಲರಿಗೂ ಧನ್ಯವಾದ ಹೇಳಿದ್ದ. ಬೇಕಿದ್ದದ್ದು 298, ಬಂದದ್ದು 304. ಕರೆ ಬಂದಾಗ ಮೈಮೇಲೆ ಇದ್ದದ್ದು ಸ್ಪಾಂಜ್‌ಬಾಬ್ ಚಿತ್ರದ ಶರ್ಟ್.

ನೀವು ಇದನ್ನೆಲ್ಲ ಎಂಟು ಸಾಲಿನಲ್ಲಿ ಮುಗಿಸಿ ಆರನೆಯವನಿಗೆ ಹೋಗಿಬಿಟ್ಟಿದ್ದೀರಿ!

ಭಾಷೆಯ ಬಗ್ಗೆ ಜಾಸ್ತಿ ಹೇಳುವುದಿಲ್ಲ. ‘ದಂತಕಥೆ’, ‘ದಿಗ್ಗಜ’, ‘ಸುವರ್ಣಾಕ್ಷರ’ ಮೂರನ್ನೂ ಹುಡುಕಿ ಅಳಿಸಿ, ಯಾವ ವಾಕ್ಯಕ್ಕೂ ನಷ್ಟವಾಗುವುದಿಲ್ಲ. ಹೋಮ್ ರನ್, ಪಿಚರ್, ಹಿಟ್ ಇವುಗಳನ್ನು ಹಾಗೇ ಬಿಡಿ. ‘ಎಸೆಗಾರ’ ಎಂದು ನೀವು ಬರೆದದ್ದು ಓದಿ ನನಗೆ ಈಟಿ ಎಸೆತ ನೆನಪಾಯಿತು.

ವಾಕರ್ ಒಬ್ಬನ ಮೇಲೆ ಹೊಸದಾಗಿ ಬರೆದು ಕಳಿಸಿ. 1,500 ಪದ ಸಾಕು. ಬಾಂಡ್ಸ್ ಮತಪತ್ರದ ಜಾಗ ಹಿಡಿದವನಾಗಿ ಬಂದು ಹೋಗಲಿ, ರೋಸ್ ಬೇಡವೇ ಬೇಡ. ಅವನ ಬಗ್ಗೆ ಇನ್ನೊಂದು ಲೇಖನವನ್ನೇ ಬರೆಯಬಹುದು. 2002ರಿಂದ ಕೂರ್ಸ್ ಫೀಲ್ಡ್‌ನಲ್ಲಿ ಚೆಂಡುಗಳನ್ನು ತೇವ ಕಾಯುವ ಕೋಣೆಯಲ್ಲಿ ಇಡುತ್ತಾರಲ್ಲ, ಅದರ ಬಗ್ಗೆ ಎರಡು ಸಾಲು ಸೇರಿಸಿ, ಓದುಗರು ಖಂಡಿತ ಕೇಳುತ್ತಾರೆ. ಇಂಟರ್ನೆಟ್‌ನಿಂದ ತೆಗೆದ ಫೋಟೋಗಳನ್ನು ನಾವು ಹಾಕುವಂತಿಲ್ಲ. ಕೂಪರ್ಸ್‌ಟೌನ್‌ಗೆ ಹೋಗಿದ್ದೆ ಎಂದು ಬರೆದಿದ್ದೀರಿ, ಅಲ್ಲಿ ನೀವೇ ತೆಗೆದದ್ದು ಏನಾದರೂ ಇದ್ದರೆ ಅದನ್ನೇ ಲಗತ್ತಿಸಿ.

ಇತಿ,
ಸಂಪಾದಕ