ಮಾಸ್ಟರ್ ಪ್ಲಾನ್ ಮಾಡುವವರಿಗೊಂದು ಕೈಪಿಡಿ: ಎಲ್ಲಿಂದ ಶುರು ಮಾಡಬೇಕು?

ಓದುಗರ ಪತ್ರ: “ಊರು ಮುಂದೆ ಹೇಗೆ ಬೆಳೆಯಬೇಕೆಂದು ಹಾಕಿಕೊಡುವ ಮಾಸ್ಟರ್ ಪ್ಲಾನ್‌ಗಳು ಕಪಾಟಿನಲ್ಲಿ ಧೂಳು ಹಿಡಿಯುತ್ತಿವೆ ಎಂದು ಕಳೆದ ಸಂಚಿಕೆಯಲ್ಲಿ ಬರೆದಿರಿ. ಟೀಕಿಸುವುದು ಸುಲಭ. ಅವನ್ನು ತಯಾರಿಸುವ ನಮ್ಮಂಥ ಸಿಬ್ಬಂದಿಗೆ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಯಾವ ಜಾಗ ಯಾವುದಕ್ಕೆ ಎಂದು ತೋರಿಸುವ ಭೂಬಳಕೆ ನಕ್ಷೆಯ ಬಣ್ಣಗಳಿಂದ ಶುರು ಮಾಡಲೇ?” (ನಗರ ಯೋಜನಾ ಕಚೇರಿಯ ಒಬ್ಬ ಉದ್ಯೋಗಿ)

ಸಂಪಾದಕರ ಉತ್ತರ:

ಬಣ್ಣಗಳಿಂದ ಬೇಡ. ಅದಕ್ಕೆ ಕೊನೆಯಲ್ಲಿ ಅರ್ಧ ಪುಟ ಸಾಕು. ನಾನಾದರೆ ಮೊದಲ ಅಧ್ಯಾಯವನ್ನು ಒಂದೇ ಪ್ರಶ್ನೆಗೆ ಮೀಸಲಿಡುತ್ತೇನೆ: ಈಗ ಕೈಬಿಟ್ಟರೆ ಮುಂದೆ ಸರಿಪಡಿಸಲಾಗದ್ದು ಯಾವುದು?

ನನ್ನ ಲೆಕ್ಕದಲ್ಲಿ ಅಂಥವು ಮೂರೇ: ರಸ್ತೆಯ ಜಾಗ, ಮಳೆನೀರು ಹರಿಯುವ ದಾರಿ, ಬಯಲು. ಕಟ್ಟಡಗಳು ಬೀಳುತ್ತವೆ, ಏಳುತ್ತವೆ. ರಸ್ತೆಯ ಗೆರೆ ಮಾತ್ರ ಬಿದ್ದಲ್ಲೇ ಉಳಿಯುತ್ತದೆ. 1811ರಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್‌ಗೆ ಎಳೆದ ಬೀದಿಗಳ ಚೌಕುಳಿ ಬಹುಪಾಲು ಇಂದಿಗೂ ಹಾಗೆಯೇ ಇದೆ. ಆದರೆ ಅಲ್ಲಿನ ದೊಡ್ಡ ಉದ್ಯಾನ ಸೆಂಟ್ರಲ್ ಪಾರ್ಕ್ ಆ ನಕ್ಷೆಯಲ್ಲಿ ಇರಲಿಲ್ಲ. 1850ರ ದಶಕದಲ್ಲಿ ಅದಕ್ಕಾಗಿ ಜಮೀನು ವಶಪಡಿಸಿಕೊಂಡಾಗ ಸೆನೆಕಾ ವಿಲೇಜ್ ಎಂಬ ಕಪ್ಪು ಜನರ ವಸತಿಯನ್ನೇ ಎಬ್ಬಿಸಿದರು. ಬಯಲು ಬಿಡಲು ಮರೆತದ್ದಕ್ಕೆ ಬೆಲೆ ತೆತ್ತವರು ನಕ್ಷೆ ಬರೆದವರಲ್ಲ.

ಊರಿನ ನೆಲದಲ್ಲಿ ಕನಿಷ್ಠ ಶೇ. 30ರಷ್ಟು ಬೀದಿಗಳಿಗಿರಲಿ, ಚದರ ಕಿಲೋಮೀಟರಿಗೆ ಕನಿಷ್ಠ 18 ಕಿ.ಮೀ. ಬೀದಿ ಇರಲಿ ಎಂದು ನಗರ, ವಸತಿಗಳ ಕೆಲಸ ನೋಡುವ ವಿಶ್ವಸಂಸ್ಥೆಯ ಅಂಗ ಯುಎನ್-ಹ್ಯಾಬಿಟಾಟ್ ಹೇಳುತ್ತದೆ. ಹೊಸದಾಗಿ ಬೆಳೆಯುವ ಅಂಚಿಗೆ ಇದು ಒಳ್ಳೆಯ ಅಳತೆ. ಕಿಕ್ಕಿರಿದ ಹಳೇಪೇಟೆಗೂ ಇದನ್ನೇ ಹಿಡಿದು ಮನೆ ಕೆಡವಲು ಹೊರಡಬಾರದು ಎಂದು ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ. ಹಳೆಯ ಬಡಾವಣೆಯನ್ನು ಸೀಳಿ ಅಗಲ ರಸ್ತೆ ತೆಗೆಯುವುದಕ್ಕಿಂತ ತೀರಾ ಶಿಥಿಲವಾದ ಕೆಲವು ಮನೆಗಳನ್ನಷ್ಟೇ ತೆಗೆದು ಗಾಳಿ ಬೆಳಕು ಬಿಡಿಸಿ ಎಂದು ಸ್ಕಾಟ್ಲೆಂಡಿನ ನಗರ ಯೋಜಕ ಪ್ಯಾಟ್ರಿಕ್ ಗೆಡ್ಡೀಸ್ ನೂರು ವರ್ಷದ ಹಿಂದೆಯೇ ವಾದಿಸಿದ್ದರು.

ಸಮೀಕ್ಷೆಯ ಅಧ್ಯಾಯ ತೆಳ್ಳಗಿರಲಿ. ಯಾವ ನಿರ್ಧಾರವನ್ನೂ ಬದಲಿಸದ ಅಂಕಿಅಂಶ ಕೂಡಿಹಾಕುತ್ತಲೇ ವರ್ಷಗಳು ಕಳೆಯುತ್ತವೆ, ಅಷ್ಟರಲ್ಲಿ ಊರಿನ ಅಂಚು ಸೈಟುಗಳಾಗಿ ಮಾರಾಟವಾಗಿರುತ್ತದೆ.

ನಿರ್ಧಾರ ಬದಲಿಸುವ ಸಮೀಕ್ಷೆ ಎಂದರೇನು ಎನ್ನಲು ಸ್ಪೇನಿನ ಬಾರ್ಸಿಲೋನಾ ನಗರದ ಯೋಜನೆ ಮಾಡಿದ ಎಂಜಿನಿಯರ್ ಸೆರ್ದಾನ ಕಥೆ ಹೇಳಲೇಬೇಕು. ಆತ ಮೊದಲು ನೆಲದ ಏರುತಗ್ಗುಗಳ ನಕ್ಷೆ ಮಾಡಿದ. ಕಾರ್ಮಿಕರ ಮನೆ, ಕೂಲಿ, ಖರ್ಚುಗಳ ವಿವರ ಕಲೆಹಾಕಿದ. ಬಡವರ ಮನೆಗೂ ಬಿಸಿಲು ಗಾಳಿ ಬೇಕೆಂಬ ಹಟ ಅಲ್ಲಿಂದ ಬಂತು. 1859ರಲ್ಲಿ ಒಪ್ಪಿಗೆ ಸಿಕ್ಕ ಯೋಜನೆಯಲ್ಲಿ 20 ಮೀಟರ್ ಅಗಲದ ಬೀದಿಗಳಿದ್ದವು. ಸುಮಾರು 113 ಮೀಟರ್ ಉದ್ದಗಲದ ಪ್ರತಿ ಚೌಕದ ನಡುವೆ ಉದ್ಯಾನವಿತ್ತು. ಬೀದಿಗಳು ಉಳಿದವು. ಉದ್ಯಾನಗಳಲ್ಲಿ ಹೆಚ್ಚಿನವನ್ನು ಕಟ್ಟಡಗಳು ನುಂಗಿದವು, ಏಕೆಂದರೆ ನಿಯಮಗಳು ಸಡಿಲಗೊಳ್ಳುತ್ತಾ ಹೋದವು ಮತ್ತು ಜಾಗ ಜಮೀನು ಮಾಲೀಕರ ಕೈಯಲ್ಲೇ ಇತ್ತು. ಹಾಗಾಗಿ ನಿಮ್ಮ ಕೈಪಿಡಿಯ ಪ್ರತಿ ಪ್ರಸ್ತಾವದ ಎದುರು ಮೂರು ಖಾನೆ ಇರಲಿ: ಕಾಪಾಡುವವರು ಯಾರು, ಯಾವ ನಿಯಮದಡಿ, ಯಾವ ವರ್ಷದ ಬಜೆಟ್‌ನಿಂದ. ಮೂರೂ ತುಂಬದ ಪ್ರಸ್ತಾವ ನಕ್ಷೆಗೆ ಹೋಗಬಾರದು. ಮೇಲಧಿಕಾರಿಗಳು ಗೊಣಗುತ್ತಾರೆ, ಗೊಣಗಲಿ.

ಆಕ್ಷೇಪಣೆ ಆಹ್ವಾನಿಸುವುದು ಸಾಮಾನ್ಯವಾಗಿ ಎಲ್ಲ ಮುಗಿದ ಮೇಲೆ. ಆಗ ಜನ ಬರುವುದು ಜಗಳಕ್ಕೇ. ನಕ್ಷೆ ಇನ್ನೂ ಪೆನ್ಸಿಲಿನಲ್ಲಿರುವಾಗ ಎರಡು ಮೂರು ಪರ್ಯಾಯಗಳನ್ನು, ಯಾವುದರಿಂದ ಯಾರಿಗೆ ಏನು ನಷ್ಟ ಎಂಬುದರ ಸಮೇತ, ಜನರ ಮುಂದಿಡಬೇಕು. ಸರ್ವೆ ನಂಬರ್ ಒಂದನ್ನೇ ಕೊಟ್ಟರೆ ಸಾಲದು, ಬೀದಿಯ ಹೆಸರೂ ಬೇಕು. ಕೋಪನ್‌ಹೇಗನ್ 1947ರಲ್ಲಿ ರೈಲುಮಾರ್ಗಗಳ ಗುಂಟ ಐದು ದಿಕ್ಕಿಗೆ ಬೆಳೆಯುವ ಯೋಜನೆ ಮಾಡಿದಾಗ ಅದನ್ನು ಊರಿನ ಮೇಲೆ ಚಾಚಿದ ಅಂಗೈಯಾಗಿ ಬರೆದು ತೋರಿಸಿದರು. ಬೆರಳುಗಳ ನಡುವೆ ಹಸಿರು ಉಳಿಯಬೇಕು ಎಂಬುದು ನಕ್ಷೆ ಓದಲು ಬಾರದವರಿಗೂ ತಿಳಿಯಿತು. ಬಂದ ಪ್ರತಿ ಆಕ್ಷೇಪಣೆಗೂ, ಒಪ್ಪಿದರೂ ಬಿಟ್ಟರೂ, ಕಾರಣ ಸಹಿತ ಲಿಖಿತ ಉತ್ತರ ಹೋಗಬೇಕು. ಆ ಉತ್ತರದ ಮಾದರಿಯನ್ನೂ ಪುಸ್ತಕದಲ್ಲೇ ಕೊಡಿ, ಇಲ್ಲವಾದರೆ “ಪರಿಶೀಲಿಸಲಾಗಿದೆ” ಎಂಬ ಒಂದೇ ಪದದಲ್ಲಿ ಮುಗಿಸುತ್ತಾರೆ.

ಪರಿಷ್ಕರಣೆಗೆ ಸಿಂಗಪುರದಂತೆ ಐದು ವರ್ಷದ ಗಡುವು ಹಾಕಿಕೊಳ್ಳಿ. ಆದರೆ ಮೊದಲು ಹೇಳಿದ ಮೂರನ್ನು (ರಸ್ತೆಯ ಜಾಗ, ಮಳೆನೀರಿನ ದಾರಿ, ಬಯಲು) ಪರಿಷ್ಕರಣೆಯ ನೆಪದಲ್ಲಿ ಮುಟ್ಟದಂತೆ ಬೇಲಿ ಹಾಕಿರಬೇಕು.

ಕರಡು ಮುಗಿದಾಗ ಕೆಲಸಕ್ಕೆ ಹೊಸದಾಗಿ ಸೇರಿದ ಯಾರಿಗಾದರೂ ಕೊಟ್ಟು, ನಿಮ್ಮನ್ನು ಕೇಳದೆ ಒಂದು ವಾರ್ಡಿನ ಕೆಲಸ ಮಾಡಲು ಹೇಳಿ. ಅವರು ಎಲ್ಲಿ ನಿಂತರು ಎಂದು ಗುರುತು ಹಾಕಿಕೊಳ್ಳಿ. ಆಮೇಲೆ ಆಕ್ಷೇಪಣೆಯ ಅಧ್ಯಾಯವನ್ನು ನಮಗೂ ಕಳಿಸಿಕೊಡಿ, ಪ್ರಕಟಿಸುತ್ತೇವೆ.